ಪರದೆ ಬೆಳಗುವ ಮುನ್ನವೂ ಕನ್ನಡ ಬೇಕು!

ಕನ್ನಡದ ಯುವಕ ಯುವತಿಯರೇ,

ಮನೆಯ ಕಂಪ್ಯೂಟರಿಗೆ ಹೊಸ ರ‍್ಯಾಮ್ ತಂದು ಹಾಕಿದಿರಿ. ಇಲ್ಲವೇ ತಿಂಗಳುಗಟ್ಟಲೆ ಕೂಡಿಟ್ಟ ದುಡ್ಡಿನಲ್ಲಿ ಒಂದು ಗ್ರಾಫಿಕ್ಸ್ ಕಾರ್ಡ್ ಕೂರಿಸಿದಿರಿ. ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು! ನಿನ್ನೆಯವರೆಗೆ ಓಡುತ್ತಿದ್ದ ಯಂತ್ರ ಇವತ್ತು ಮುಷ್ಕರ ಹೂಡಿದೆ. ಡಬ್ಬದೊಳಗಿನ ಕೈಪಿಡಿ ಬಿಡಿಸಿದರೆ ಚೀನೀ ಇದೆ, ಜಪಾನಿ ಇದೆ, ಜರ್ಮನ್ ಇದೆ, ರಷ್ಯನ್ ಇದೆ. ದುಡ್ಡು ಕೊಟ್ಟವನ ಭಾಷೆ ಇಲ್ಲ. ಆಗೇನು ಮಾಡುತ್ತೀರಿ? ಡಬ್ಬವನ್ನು ಆಟೋದಲ್ಲಿಟ್ಟುಕೊಂಡು ಅಂಗಡಿಗೆ ಹೋಗುತ್ತೀರಿ. ಅಲ್ಲಿ ಹೇಳಿದ್ದೇ ವೇದವಾಕ್ಯ. ‘ಬೋರ್ಡ್ ಹೋಗಿದೆ’ ಎಂದರೆ ಬೋರ್ಡ್ ಹೋಯಿತು. ‘ಎಸ್‌ಎಂಪಿಎಸ್ ಸುಟ್ಟಿದೆ’ ಎಂದರೆ ಸುಟ್ಟಿತು. ಕೇಳಿದಷ್ಟು ಎಣಿಸಿ ಕೊಟ್ಟು ಮನೆಗೆ ಬರುತ್ತೀರಿ.

ಗಡಿ, ನದಿ, ಉದ್ಯೋಗ ಎಂದು ನೂರೆಂಟು ದೊಡ್ಡ ಪ್ರಶ್ನೆಗಳು ಎದುರಿಗಿರುವಾಗ ಕೆಟ್ಟುನಿಂತ ಕಂಪ್ಯೂಟರಿನ ಮೇಲೆ ಸಂಪಾದಕೀಯವೇ ಎಂದು ಕೆಲವರು ಮೂಗು ಮುರಿಯಬಹುದು. ಮುರಿಯಲಿ. ಭಾಷೆಯ ಹಕ್ಕು ವಿಧಾನಸೌಧದ ಮೆಟ್ಟಿಲ ಮೇಲಷ್ಟೇ ಇಲ್ಲ. ನಿಮ್ಮ ಮೇಜಿನ ಕೆಳಗಿರುವ ಡಬ್ಬದೊಳಗೂ ಇದೆ. ತನ್ನ ದುಡ್ಡಿನಲ್ಲಿ ಕೊಂಡ ವಸ್ತು ಯಾಕೆ ಕೆಟ್ಟಿತು ಎಂದು ತನ್ನ ಭಾಷೆಯಲ್ಲಿ ತಿಳಿಯಲಾರದವನು ಆ ವಸ್ತುವಿನ ಒಡೆಯನಲ್ಲ, ಬಾಡಿಗೆದಾರ!

ಗೆದ್ದದ್ದೆಷ್ಟು, ಉಳಿದದ್ದೆಷ್ಟು?

ಕಂಪ್ಯೂಟರಿನಲ್ಲಿ ಕನ್ನಡ ತಾನಾಗಿ ಬಂದದ್ದಲ್ಲ. ಕೆ.ಪಿ. ರಾವ್ ಅವರಂಥವರು ಕೀಲಿಮಣೆಯ ವಿನ್ಯಾಸಕ್ಕೆ ತಲೆ ಕೆಡಿಸಿಕೊಂಡರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡದ ತಂತ್ರಾಂಶಕ್ಕಾಗಿ ದನಿ ಎತ್ತಿದರು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡವೂ ತುಂಗಾ ಎಂಬ ಅಕ್ಷರವಿನ್ಯಾಸವೂ ಬಂದವು. ಇವತ್ತು ನಿಮ್ಮ ಜೇಬಿನ ಫೋನು ಕನ್ನಡ ಓದುತ್ತದೆ, ಬರೆಯುತ್ತದೆ, ಹೇಳಿದರೆ ಕೇಳಿಸಿಕೊಳ್ಳುತ್ತದೆ. ಇದು ಸಣ್ಣ ಗೆಲುವಲ್ಲ.

ಆದರೆ ಈ ಗೆಲುವೆಲ್ಲ ಪರದೆ ಬೆಳಗಿದ ಮೇಲಿನದು. ಗುಂಡಿ ಒತ್ತಿದ ಕ್ಷಣದಿಂದ ವಿಂಡೋಸ್ ಏಳುವವರೆಗಿನ ಆ ಕೆಲವು ಸೆಕೆಂಡುಗಳಿವೆಯಲ್ಲ, ಅಲ್ಲಿ ಕನ್ನಡಕ್ಕೆ ಪ್ರವೇಶವಿಲ್ಲ. ಆಗ ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಪ್ರೊಸೆಸರ್ ಇದೆಯೇ, ರ‍್ಯಾಮ್ ಇದೆಯೇ, ಚಿತ್ರ ತೋರಿಸುವ ಭಾಗ ಇದೆಯೇ, ಡಿಸ್ಕ್ ಇದೆಯೇ ಎಂದು ಒಂದೊಂದಾಗಿ ಹಾಜರಿ ಕರೆಯುತ್ತದೆ. ಈ ಹಾಜರಿ ಕರೆಯುವ ಮೇಷ್ಟ್ರೇ ಬಯಾಸ್. ಯಾರಾದರೂ ‘ಹಾಜರ್’ ಎನ್ನದಿದ್ದರೆ ಮೇಷ್ಟ್ರು ಅಲ್ಲೇ ನಿಂತುಬಿಡುತ್ತಾರೆ. ಕಾರಣವನ್ನು ಬೀಪ್ ಸದ್ದಿನಲ್ಲೋ, ಬೋರ್ಡಿನ ಮೂಲೆಯ ಪುಟ್ಟ ದೀಪದಲ್ಲೋ, ಇಂಗ್ಲಿಷಿನ ಒಂದು ಸಾಲಿನಲ್ಲೋ ಹೇಳುತ್ತಾರೆ. ಯಂತ್ರ ಮೂಕವಾಗಿಲ್ಲ ಗೆಳೆಯರೇ. ಅದು ಕೂಗಿ ಹೇಳುತ್ತಿದೆ. ಹೇಳಿದ್ದು ನಮಗೆ ತಿಳಿಯದಂತೆ ಇಟ್ಟಿದ್ದಾರೆ, ಅಷ್ಟೆ.

ಅದಕ್ಕೇ ಇವತ್ತು ಈ ಪತ್ರಿಕೆ ಬರೀ ಬೇಡಿಕೆ ಮುಂದಿಟ್ಟು ಸುಮ್ಮನಾಗುವುದಿಲ್ಲ. ಕಂಪನಿಗಳು ಕೊಡದ ಆ ಪುಟವನ್ನು ನಾವೇ ಕನ್ನಡದಲ್ಲಿ ಕೊಡುತ್ತೇವೆ. ಕತ್ತರಿಸಿ ಇಟ್ಟುಕೊಳ್ಳಿ. ಪಕ್ಕದ ಮನೆಯವರಿಗೂ ಓದಿ ಹೇಳಿ.

ಮುಟ್ಟುವ ಮುನ್ನ

ಮೊದಲು ಜೀವ, ಆಮೇಲೆ ಯಂತ್ರ. ಗೋಡೆಯ ಸ್ವಿಚ್ ಆರಿಸಿ, ವೈರನ್ನು ಕಿತ್ತುಬಿಡಿ. ಕಿತ್ತ ಮೇಲೆ ಕಂಪ್ಯೂಟರಿನ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ, ಬೋರ್ಡಿನಲ್ಲಿ ಉಳಿದಿರುವ ವಿದ್ಯುತ್ ಖಾಲಿಯಾಗಲಿ. ಬಣ್ಣ ಬಳಿಯದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಮೈಮೇಲಿನ ಸ್ಥಿರ ವಿದ್ಯುತ್ ಇಳಿಯಲಿ. ನೈಲಾನ್ ಬಟ್ಟೆ ತೊಟ್ಟು, ಕಂಬಳಿ ಮೇಲೆ ಕೂತು ಈ ಕೆಲಸ ಮಾಡಬೇಡಿ. ಒಂದು ಮಾತಂತೂ ಕಲ್ಲಿನಲ್ಲಿ ಕೊರೆದಿಟ್ಟುಕೊಳ್ಳಿ: ಎಸ್‌ಎಂಪಿಎಸ್ ಡಬ್ಬದ ಸ್ಕ್ರೂ ಬಿಚ್ಚಬಾರದು! ವೈರ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳು ಅಪಾಯಕಾರಿ ವಿದ್ಯುತ್ ಹಿಡಿದಿಟ್ಟುಕೊಂಡಿರುತ್ತವೆ.

ನಿಮ್ಮ ಮನೆಯ ಮೂರು ಪಿನ್ನಿನ ಸಾಕೆಟ್‌ನಲ್ಲಿ ನಿಜವಾಗಿ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಒಮ್ಮೆ ಪರೀಕ್ಷೆ ಮಾಡಿಸಿ. ಹಳೆಯ ಬಾಡಿಗೆ ಮನೆಗಳಲ್ಲಿ ಮೂರನೆಯ ತೂತು ಬರೀ ಅಲಂಕಾರಕ್ಕಿರುವುದುಂಟು. ಡಬ್ಬ ಮುಟ್ಟಿದರೆ ಜುಂ ಎನ್ನುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ.

ಕೊನೆಗೆ ಬಂದವನೇ ಮೊದಲ ಆರೋಪಿ

ದುರಸ್ತಿಯ ಮೊದಲ ಸೂತ್ರ ಇದು. ನಿನ್ನೆ ಓಡುತ್ತಿತ್ತು, ಇವತ್ತು ಓಡುತ್ತಿಲ್ಲ. ಮಧ್ಯೆ ಆದ ಬದಲಾವಣೆ ಯಾವುದು? ನೀವು ಹಾಕಿದ ಹೊಸ ಭಾಗ. ಅದನ್ನು ತೆಗೆಯಿರಿ, ಹಳೆಯದನ್ನು ಹಿಂದಿನಂತೆಯೇ ಕೂರಿಸಿ, ಗುಂಡಿ ಒತ್ತಿ. ಯಂತ್ರ ಎದ್ದರೆ ಬೋರ್ಡ್ ಬದುಕಿದೆ, ಪ್ರೊಸೆಸರ್ ಬದುಕಿದೆ, ಎಸ್‌ಎಂಪಿಎಸ್ ಬದುಕಿದೆ. ತಪ್ಪು ಹೊಸ ಭಾಗದಲ್ಲಿದೆ, ಅಥವಾ ಅದನ್ನು ಕೂರಿಸಿದ ರೀತಿಯಲ್ಲಿದೆ, ಅಥವಾ ಅದಕ್ಕೂ ನಿಮ್ಮ ಬೋರ್ಡಿಗೂ ಹೊಂದಾಣಿಕೆಯಿಲ್ಲ. ಈ ಒಂದೇ ಪರೀಕ್ಷೆ ಗೊತ್ತಿದ್ದವನಿಗೆ ‘ಬೋರ್ಡ್ ಹೋಗಿದೆ’ ಎಂಬ ಸುಳ್ಳು ಹೇಳಲು ಯಾವ ಅಂಗಡಿಗೂ ಧೈರ್ಯ ಬರುವುದಿಲ್ಲ.

ಹಳೆಯದನ್ನು ಹಾಕಿದರೂ ಏಳಲಿಲ್ಲವೇ? ಹೆದರಬೇಡಿ. ಹೊಸದನ್ನು ಹಾಕುವಾಗ ಕೈತಾಗಿ ಇನ್ನೊಂದು ವೈರು ಸಡಿಲವಾಗಿರುವ ಸಾಧ್ಯತೆಯೇ ಹೆಚ್ಚು. ‘ಏಳುತ್ತಿಲ್ಲ’ ಎನ್ನುವುದರಲ್ಲಿ ನಾಲ್ಕು ಬಗೆಯಿದೆ. ನಿಮ್ಮದು ಯಾವುದೆಂದು ಮೊದಲು ಗುರುತಿಸಿ.

ಒಂದು: ಸದ್ದೇ ಇಲ್ಲ

ಫ್ಯಾನಿಲ್ಲ, ದೀಪವಿಲ್ಲ, ಏನೂ ಇಲ್ಲ. ಇಲ್ಲಿ ವಿದ್ಯುತ್ ಬರುವ ದಾರಿಯನ್ನು ಗೋಡೆಯಿಂದ ಹಿಡಿದು ನೋಡುತ್ತ ಬನ್ನಿ. ಅದೇ ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿ. ಯುಪಿಎಸ್ ಪಕ್ಕಕ್ಕಿಟ್ಟು ನೇರವಾಗಿ ಕೊಡಿ. ಎಸ್‌ಎಂಪಿಎಸ್ ಹಿಂಭಾಗದ ಪುಟ್ಟ ಸ್ವಿಚ್ಚಿನಲ್ಲಿ ಗೀಟು ಇರುವ ಕಡೆ ಒತ್ತಿದರೆ ಆನ್, ಸೊನ್ನೆ ಇರುವ ಕಡೆ ಒತ್ತಿದರೆ ಆಫ್. ಈ ಒಂದು ಸ್ವಿಚ್ ಮರೆತು ಯಂತ್ರ ಹೊತ್ತು ತಿರುಗುವವರು ಕಡಿಮೆಯೇನಿಲ್ಲ. ಆಮೇಲೆ ಬೋರ್ಡಿನ 24 ಪಿನ್ನಿನ ದೊಡ್ಡ ಪ್ಲಗ್ ಪೂರ್ತಿ ಒಳಹೋಗಿದೆಯೇ, ಕೊಂಡಿ ‘ಟಕ್’ ಎಂದು ಕೂತಿದೆಯೇ ನೋಡಿ. ಕೊನೆಗೆ ಮುಂಭಾಗದ ಗುಂಡಿಯಿಂದ ಬರುವ ಎರಡು ಎಳೆಯ ತೆಳು ವೈರು. ಅದು ಬೋರ್ಡಿನ ಸರಿಯಾದ ಎರಡು ಪಿನ್ನುಗಳ ಮೇಲೆ ಕೂರದಿದ್ದರೆ ನೀವು ಎಷ್ಟು ಒತ್ತಿದರೂ ಸುದ್ದಿ ಒಳಗೆ ಮುಟ್ಟುವುದಿಲ್ಲ.

ಎರಡು: ಎದ್ದು ಬೀಳುತ್ತದೆ

ಫ್ಯಾನು ಒಂದು ಸುತ್ತು ತಿರುಗಿ ನಿಲ್ಲುತ್ತದೆ, ಮತ್ತೆ ತಿರುಗುತ್ತದೆ, ಮತ್ತೆ ನಿಲ್ಲುತ್ತದೆ. ಎಲ್ಲೋ ಶಾರ್ಟ್ ಆಗುತ್ತಿರಬಹುದು. ಆಗ ಎಸ್‌ಎಂಪಿಎಸ್ ತನ್ನನ್ನೂ ನಿಮ್ಮನ್ನೂ ಕಾಪಾಡಲು ತಾನೇ ಆರುತ್ತದೆ. ಬೋರ್ಡನ್ನು ಬದಲಿಸಿದ್ದರೆ ಅದರ ಕೆಳಗೆ ಹಿತ್ತಾಳೆಯ ಗಿಡ್ಡ ಕಂಬವೊಂದು ತೂತಿಲ್ಲದ ಜಾಗದಲ್ಲಿ ಉಳಿದಿದೆಯೇ, ಸ್ಕ್ರೂ ಒಂದು ಜಾರಿ ಒಳಗೆ ಬಿದ್ದಿದೆಯೇ ಹುಡುಕಿ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಹಳೆಯ ಎಸ್‌ಎಂಪಿಎಸ್ ಅದರ ಹಸಿವು ತಣಿಸಲಾರದಿರಬಹುದು. ಲೆಕ್ಕ ಸುಲಭ. ಬೋರ್ಡಿನ ಸ್ಲಾಟ್ ಕೊಡುವುದು 75 ವ್ಯಾಟ್. 6 ಪಿನ್ನಿನ ಪ್ಲಗ್ ಇನ್ನೊಂದು 75, 8 ಪಿನ್ನಿನದು 150. ಡಬ್ಬದ ಮೇಲೆ ದೊಡ್ಡ ಅಂಕಿ ಬರೆದ ಅಗ್ಗದ ಎಸ್‌ಎಂಪಿಎಸ್ ಆ ಅಂಕಿಯಷ್ಟು ಕೊಡುತ್ತದೆಂಬ ಭರವಸೆಯಿಲ್ಲ. ಪ್ರೊಸೆಸರ್ ಬದಲಿಸಿದ್ದರೆ ಕೂಲರ್ ಸರಿಯಾಗಿ ಅಂಟಿ ಕೂತಿದೆಯೇ, ಅದರ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ನೋಡಿ. ಹಾಳೆ ಉಳಿದಿದ್ದರೆ ಪ್ರೊಸೆಸರ್ ಕಾದು ತಾನೇ ಆರಿಬಿಡುತ್ತದೆ.

ಒಂದು ಎಚ್ಚರಿಕೆ: ಡಿಡಿಆರ್5 ರ‍್ಯಾಮ್ ಹಾಕಿದ ಹೊಸ ಬೋರ್ಡುಗಳು ಮೊದಲ ಸಲ ರ‍್ಯಾಮನ್ನು ಪಳಗಿಸಲು ಕೆಲವು ನಿಮಿಷವನ್ನೇ ತೆಗೆದುಕೊಳ್ಳುತ್ತವೆ. ಆಗಲೂ ಪರದೆ ಕಪ್ಪಾಗಿರುತ್ತದೆ, ಒಂದೆರಡು ಸಲ ಆರಿ ಹತ್ತುವುದೂ ಉಂಟು. ಆತುರಬಿದ್ದು ವೈರ್ ಕೀಳಬೇಡಿ. ಒಂದು ಲೋಟ ಕಾಫಿ ಕುಡಿದು ಬನ್ನಿ.

ಮೂರು: ಫ್ಯಾನು ತಿರುಗುತ್ತದೆ, ಚಿತ್ರವಿಲ್ಲ

ಇದೇ ಹೆಚ್ಚಾಗಿ ಕಾಡುವ ಬಗೆ. ಬೋರ್ಡಿನ ಮೂಲೆಯಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ಪುಟ್ಟ ದೀಪಗಳಿವೆಯೇ ನೋಡಿ. ಇತ್ತೀಚಿನ ಹಲವು ಬೋರ್ಡುಗಳಲ್ಲಿ ಇರುತ್ತವೆ. ಯಾವ ದೀಪ ಹತ್ತಿ ನಿಂತಿದೆಯೋ ಹಾಜರಿ ಅಲ್ಲಿ ನಿಂತಿದೆ. ಹಳೆಯ ಬೋರ್ಡಾದರೆ ಬೀಪ್ ಸದ್ದು ಎಣಿಸಿ. ಎಷ್ಟು ಬೀಪಿಗೆ ಏನರ್ಥ ಎಂಬುದು ಬಯಾಸ್ ತಯಾರಕರಿಗೆ ತಕ್ಕಂತೆ ಬೇರೆಯಾಗುತ್ತದೆ. ನಿಮ್ಮ ಬೋರ್ಡಿನ ಪಟ್ಟಿಯನ್ನೇ ನೋಡಬೇಕು.

ಮೊದಲು ಮಾನಿಟರಿನ ಕೇಬಲ್ ನೋಡಿ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ, ಕೇಬಲನ್ನು ಮಾತ್ರ ಹಳೆಯ ಅಭ್ಯಾಸದಂತೆ ಬೋರ್ಡಿನ ಕಿಂಡಿಗೇ ಚುಚ್ಚಿದರೆ ಚಿತ್ರ ಬಾರದಿರಬಹುದು. ಕೇಬಲ್ ಕಾರ್ಡಿಗೆ ಹೋಗಬೇಕು. ಕಾರ್ಡಿಗೆ ಬೇರೆ ವಿದ್ಯುತ್ ಪ್ಲಗ್ ಇದ್ದರೆ ಅದನ್ನೂ ಕೊಟ್ಟಿರಬೇಕು.

ಎರಡನೆಯದು ರ‍್ಯಾಮ್. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಒಂದು ಕೂರುವುದಿಲ್ಲ. ಕೆಳಗಿನ ಕಚ್ಚಿನ ಜಾಗವೇ ಬೇರೆ, ವೋಲ್ಟೇಜೂ ಬೇರೆ. ಬಲ ಹಾಕಿ ತುರುಕಿದರೆ ರ‍್ಯಾಮೂ ಹೋಯಿತು, ಸ್ಲಾಟೂ ಹೋಯಿತು. ಸರಿಯಾದದ್ದೇ ಆಗಿದ್ದರೆ ತೆಗೆದು ಮತ್ತೆ ಕೂರಿಸಿ, ಕೊಂಡಿ ‘ಟಕ್’ ಎನ್ನುವವರೆಗೆ ಎರಡೂ ತುದಿ ಸಮನಾಗಿ ಒತ್ತಿ. ಎರಡು ರ‍್ಯಾಮ್ ಇದ್ದರೆ ಒಂದನ್ನೇ ಹಾಕಿ ನೋಡಿ, ಆಮೇಲೆ ಇನ್ನೊಂದನ್ನೇ ಹಾಕಿ ನೋಡಿ, ಸ್ಲಾಟ್ ಬದಲಿಸಿ ನೋಡಿ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯದು, ನಾಲ್ಕನೆಯದು ಮೊದಲು ತುಂಬಬೇಕಾದವು.

ಮೂರನೆಯದು, ಪ್ರೊಸೆಸರಿನ ಪಕ್ಕದ 4 ಅಥವಾ 8 ಪಿನ್ನಿನ ಪ್ಲಗ್. 24 ಪಿನ್ನಿನದು ಕೊಟ್ಟು ಇದನ್ನು ಮರೆತರೆ ಫ್ಯಾನೆಲ್ಲ ತಿರುಗುತ್ತವೆ, ಪ್ರೊಸೆಸರ್ ಮಾತ್ರ ಉಪವಾಸ ಕೂತಿರುತ್ತದೆ.

ನಾಲ್ಕನೆಯದು, ಪ್ರೊಸೆಸರನ್ನೇ ಬದಲಿಸಿದ್ದರೆ ಕೇಳಬೇಕಾದ ಎರಡು ಪ್ರಶ್ನೆ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಅಕ್ಷರ ಇದೆಯೇ? ಇದ್ದರೆ ಅದರೊಳಗೆ ಚಿತ್ರ ತೋರಿಸುವ ಭಾಗವೇ ಇಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಎರಡನೆಯದು, ಬೋರ್ಡಿನ ಬಯಾಸ್ ಈ ಪ್ರೊಸೆಸರಿಗಿಂತ ಹಳೆಯದೇ? ಮೇಷ್ಟ್ರ ಹಾಜರಿ ಪುಸ್ತಕದಲ್ಲಿ ಹೊಸ ಹುಡುಗನ ಹೆಸರೇ ಇಲ್ಲದಿದ್ದರೆ ಒಳಗೆ ಬಿಡುವುದು ಹೇಗೆ? ಆಗ ಬಯಾಸ್ ಅಪ್‌ಡೇಟ್ ಮಾಡಬೇಕು. ಅದರ ಮಧ್ಯೆ ಕರೆಂಟ್ ಹೋದರೆ ಬೋರ್ಡಿಗೇ ಅಪಾಯ, ಆದ್ದರಿಂದ ಯುಪಿಎಸ್ ಇಲ್ಲದೆ ಕೈಹಾಕಬೇಡಿ.

ಇಷ್ಟಕ್ಕೂ ಬಗ್ಗದಿದ್ದರೆ, ವೈರ್ ಕಿತ್ತು, ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ಲನ್ನು ತೆಗೆದು ಕೆಲವು ನಿಮಿಷ ಬಿಟ್ಟು ಮತ್ತೆ ಹಾಕಿ. ಅದರ ಹೆಸರು ಸಿಆರ್2032, ಮೂರು ವೋಲ್ಟಿನದು. ಬಯಾಸಿನ ಹಳೆಯ ನೆನಪು ಅಳಿಸಿ ಕಾರ್ಖಾನೆಯ ಸ್ಥಿತಿಗೆ ಬರುತ್ತದೆ. ಗಡಿಯಾರ, ಡಿಸ್ಕಿನ ಸರದಿ ಆಮೇಲೆ ಮತ್ತೆ ಹೊಂದಿಸಬೇಕಾಗುತ್ತದೆ.

ಕೊನೆಯ ಅಸ್ತ್ರ: ಬೋರ್ಡ್, ಪ್ರೊಸೆಸರ್, ಕೂಲರ್, ಒಂದೇ ಒಂದು ರ‍್ಯಾಮ್, ಎಸ್‌ಎಂಪಿಎಸ್, ಚಿತ್ರ ತೋರಿಸಲು ಬೇಕಾದಷ್ಟು. ಉಳಿದದ್ದೆಲ್ಲ ಹೊರಗೆ! ಇಷ್ಟರಲ್ಲಿ ಎದ್ದರೆ ಒಂದೊಂದನ್ನೇ ಸೇರಿಸುತ್ತ ಬನ್ನಿ. ಯಾವುದನ್ನು ಸೇರಿಸಿದಾಗ ಬಿತ್ತೋ ಅದೇ ಕಳ್ಳ.

ನಾಲ್ಕು: ಚಿತ್ರ ಬರುತ್ತದೆ, ವಿಂಡೋಸ್ ಬರುವುದಿಲ್ಲ

‘ಬೂಟ್ ಡಿವೈಸ್ ಇಲ್ಲ’ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತೆಂದರೆ ಸಂತೋಷಪಡಿ. ಬೋರ್ಡ್, ರ‍್ಯಾಮ್, ಪ್ರೊಸೆಸರ್ ಎಲ್ಲ ಪಾಸಾಗಿವೆ. ಡಿಸ್ಕ್ ಮಾತ್ರ ಸಿಕ್ಕಿಲ್ಲ. ಕೈತಾಗಿ ಡಿಸ್ಕಿನ ಕೇಬಲ್ ಸಡಿಲವಾಗಿದೆಯೇ ನೋಡಿ. ಹೊಸ ಡಿಸ್ಕ್ ಹಾಕಿದ್ದರೆ ಬಯಾಸ್ ಆ ಖಾಲಿ ಡಿಸ್ಕನ್ನೇ ಮೊದಲು ಕೇಳುತ್ತಿರಬಹುದು, ಸರದಿಯಲ್ಲಿ ಹಳೆಯದನ್ನು ಮುಂದೆ ತನ್ನಿ. ಎಂ.2 ಎಸ್‌ಎಸ್‌ಡಿ ಹಾಕಿದವರಿಗೆ ಇನ್ನೊಂದು ಮಾತು: ಕೆಲವು ಬೋರ್ಡುಗಳಲ್ಲಿ ಆ ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಕಿಂಡಿಗಳು ತಾವೇ ಮುಚ್ಚಿಕೊಳ್ಳುತ್ತವೆ. ಹಳೆಯ ಡಿಸ್ಕ್ ಸತ್ತಿತೆಂದು ಅಳಬೇಡಿ, ಪಕ್ಕದ ಕಿಂಡಿಗೆ ಬದಲಿಸಿ.

ಇನ್ನೊಂದು ಬಹಳ ಮುಖ್ಯ. ಬೋರ್ಡ್ ಬದಲಿಸಿದಾಗ ಅಥವಾ ಬಯಾಸ್ ಅಪ್‌ಡೇಟ್ ಮಾಡಿದಾಗ ವಿಂಡೋಸಿನ ಬಿಟ್‌ಲಾಕರ್ ಬೀಗ ಬಿದ್ದು, 48 ಅಂಕಿಯ ಕೀಲಿ ಕೇಳಬಹುದು. ಆ ಅಂಕಿ ಇಲ್ಲದಿದ್ದರೆ ನಿಮ್ಮ ಫೋಟೋ, ಪ್ರಾಜೆಕ್ಟ್, ಲೆಕ್ಕಪತ್ರ ಎಲ್ಲ ಬೀಗದೊಳಗೇ ಉಳಿಯುತ್ತವೆ. ಬಿಡಿಭಾಗಕ್ಕೆ ಕೈಹಾಕುವ ಮುನ್ನವೇ ಆ ಕೀಲಿಯನ್ನು ತೆಗೆದು ಕಾಗದದ ಮೇಲೆ ಬರೆದಿಡಿ. ಮುಖ್ಯ ಕಡತಗಳನ್ನು ಇನ್ನೊಂದು ಡಿಸ್ಕಿಗೆ ಹಾಕಿ. ಹೋದ ರ‍್ಯಾಮ್ ಅಂಗಡಿಯಲ್ಲಿ ಸಿಗುತ್ತದೆ. ಹೋದ ಅಜ್ಜನ ಫೋಟೋ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಇಷ್ಟು ಹೇಳಲು ಕನ್ನಡಕ್ಕೆ ಎಲ್ಲಿ ಸಾಲದಾಯಿತು?

ಓದಿದಿರಲ್ಲ? ಎಲ್ಲಾದರೂ ಕನ್ನಡ ಎಡವಿತೇ? ‘ತಾಂತ್ರಿಕ ವಿಷಯ ಕನ್ನಡದಲ್ಲಿ ಹೇಳಲಾಗದು’ ಎಂದು ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಉಪದೇಶ ಮಾಡುವ ಮಹಾಶಯರಿಗೆ ನಮ್ಮ ಉತ್ತರ ಇಷ್ಟೇ. ರ‍್ಯಾಮನ್ನು ರ‍್ಯಾಮ್ ಎಂದೇ ಕರೆಯಿರಿ, ಯಾರೂ ಅದಕ್ಕೆ ಸಂಸ್ಕೃತದ ಪೇಟ ಸುತ್ತಬೇಕಿಲ್ಲ. ‘ರ‍್ಯಾಮ್ ಕೂತಿಲ್ಲ’, ‘ಬೋರ್ಡ್ ಶಾರ್ಟ್ ಆಗಿದೆ’, ‘ಸಪ್ಲೈ ಬರ್ತಿಲ್ಲ’ ಎನ್ನುವುದು ಅಪ್ಪಟ ಕನ್ನಡ. ನಮ್ಮ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿನ ಮೋಟಾರ್ ಸುಟ್ಟರೆ ವೈಂಡಿಂಗ್ ಕಟ್ಟುವವರು ಯಾವ ಭಾಷೆಯಲ್ಲಿ ಕಟ್ಟುತ್ತಾರೆ? ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಹುಡುಗನಿಗೆ ಕೆಲಸ ಕಲಿಸುವ ಮೇಸ್ತ್ರಿ ಯಾವ ಭಾಷೆಯಲ್ಲಿ ಬೈದು ಕಲಿಸುತ್ತಾನೆ? ದುರಸ್ತಿಯ ವಿದ್ಯೆ ಕನ್ನಡದ ಬಾಯಲ್ಲಿ ಎಂದೋ ಇದೆ. ಕನ್ನಡದ ಕಾಗದಕ್ಕೆ ಬಂದಿಲ್ಲ, ಕಂಪನಿಯ ಡಬ್ಬಕ್ಕೆ ಬಂದಿಲ್ಲ. ಅದೇ ನಮ್ಮ ತಕರಾರು.

ಕಾನೂನು ಏನನ್ನುತ್ತದೆ?

ಡಬ್ಬದ ಮೇಲೆ ಕನ್ನಡ ಯಾಕಿಲ್ಲ ಎಂದು ಕೇಳಿದರೆ ಉತ್ತರ ದೆಹಲಿಯಲ್ಲಿದೆ. 2011ರ ಕಾನೂನು ಮಾಪನ ಪೊಟ್ಟಣ ಸರಕು ನಿಯಮಗಳ ಪ್ರಕಾರ ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ದೇವನಾಗರಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿರಬೇಕು. ಇತರ ಭಾಷೆಗಳನ್ನು ಬೇಕಾದರೆ ಜೊತೆಗೆ ಹಾಕಿಕೊಳ್ಳಬಹುದು! ‘ಬೇಕಾದರೆ’ ಎಂಬ ಈ ಭಿಕ್ಷೆಯ ಮೇಲೆ ಕೋಟಿಗಟ್ಟಲೆ ಕನ್ನಡಿಗರ ಹಕ್ಕು ನಿಂತಿದೆ. ಹಿಂದಿಯವನಿಗೆ ಕಾಯ್ದೆಯ ಆಸರೆ, ಕನ್ನಡಿಗನಿಗೆ ಕಂಪನಿಯ ದಯೆ. ಇದ್ಯಾವ ನ್ಯಾಯ?

2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಬಂತು. ಅದರ ಬಲದ ಮೇಲೆ ರಾಜ್ಯದಲ್ಲಿ ತಯಾರಾಗುವ ಸರಕುಗಳ ಹೆಸರು, ಸೂಚನೆಗಳು ಕನ್ನಡದಲ್ಲೂ ಇರಬೇಕೆಂದು ಸರ್ಕಾರ 2025ರ ಆರಂಭದಲ್ಲಿ ಆದೇಶಿಸಿತು. ಸ್ವಾಗತ. ಆದರೆ ನಾವು ಕೊಳ್ಳುವ ಬೋರ್ಡು, ಕಾರ್ಡುಗಳಲ್ಲಿ ಬಹುಪಾಲು ತಯಾರಾಗುವುದು ಚೀನಾದಲ್ಲಿ, ತೈವಾನಿನಲ್ಲಿ. ಇಲ್ಲಿ ತಯಾರಾದದ್ದಕ್ಕೆ ಕನ್ನಡ ಬೇಕು, ಇಲ್ಲಿ ಮಾರುವುದಕ್ಕೆ ಬೇಡ ಎಂದರೆ ಬೇಲಿಗೆ ಗೇಟೇ ಇಟ್ಟಿಲ್ಲ ಎಂದಂತೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಿಯಾದ ಬಳಕೆಯ ಬಗ್ಗೆ ಸಾಕಷ್ಟು ಸೂಚನೆ, ಎಚ್ಚರಿಕೆ ಕೊಡದೆ ಹಾನಿಯಾದರೆ ತಯಾರಕನನ್ನು ಹೊಣೆ ಮಾಡುತ್ತದೆ. ಗ್ರಾಹಕನಿಗೆ ತಿಳಿಯದ ಭಾಷೆಯ ಸೂಚನೆ ‘ಸಾಕಷ್ಟು ಸೂಚನೆ’ ಹೇಗಾದೀತು? ಈ ಪ್ರಶ್ನೆಯನ್ನು ಗ್ರಾಹಕ ಆಯೋಗಗಳ ಮುಂದೆ ಎತ್ತುವ ವಕೀಲ ಮಿತ್ರರು ನಮ್ಮಲ್ಲಿ ಇಲ್ಲವೇ? 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ‘ರಿಪೇರಿಯ ಹಕ್ಕು’ ಎಂದು ಜಾಲತಾಣ ತೆರೆಯಿತು. ಓದಲಾರದ ಕೈಪಿಡಿ ಹಿಡಿದವನಿಗೆ ರಿಪೇರಿಯ ಹಕ್ಕು ಕೊಟ್ಟರೆ ಕೈಕಟ್ಟಿ ಊಟ ಬಡಿಸಿದಂತೆ!

ನಮ್ಮ ಒತ್ತಾಯ

ಕರ್ನಾಟಕದಲ್ಲಿ ಮಾರುವ ಪ್ರತಿಯೊಂದು ಕಂಪ್ಯೂಟರ್ ಬಿಡಿಭಾಗದ ಜೊತೆ ಕನ್ನಡದ ಒಂದು ಹಾಳೆಯಾದರೂ ಇರಲಿ. ಹೇಗೆ ಕೂರಿಸಬೇಕು, ಏಳದಿದ್ದರೆ ಏನು ನೋಡಬೇಕು, ಯಾವುದನ್ನು ಮುಟ್ಟಬಾರದು, ಇಷ್ಟು ಸಾಕು. ಹತ್ತಾರು ಭಾಷೆಯಲ್ಲಿ ಅಚ್ಚು ಹಾಕಿಸುವವರಿಗೆ ಇನ್ನೊಂದು ಹಾಳೆ ಭಾರವಲ್ಲ.

ಸರ್ವಿಸ್ ಸೆಂಟರಿನ ರಸೀದಿ, ವಾರಂಟಿ ಷರತ್ತು, ‘ಏನು ಕೆಟ್ಟಿತ್ತು, ಏನು ಬದಲಿಸಿದೆವು’ ಎಂಬ ವಿವರ ಕನ್ನಡದಲ್ಲಿರಲಿ. ತೆಗೆದ ಹಳೆಯ ಭಾಗ ಗ್ರಾಹಕನ ಕೈಗೆ ವಾಪಸ್ ಬರಲಿ. ವಾರಂಟಿಯಲ್ಲಿ ಬದಲಿಸಿದ್ದರೆ ಅದರ ನಂಬರನ್ನಾದರೂ ಬರೆದುಕೊಡಲಿ.

ಬಯಾಸಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಸೇರಲಿ. ಕೊರಿಯನ್ ಬರೆಯಬಲ್ಲ ಯಂತ್ರಕ್ಕೆ ಕನ್ನಡದ ಒತ್ತಕ್ಷರ ಹೆಚ್ಚೇನಲ್ಲ.

ಐಟಿಐಗಳಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ತರಬೇತಿಯ ವಿಭಾಗವೇ ಇದೆ. ಅದಕ್ಕೆ ಕೈಗೆತ್ತಿಕೊಂಡು ಓದುವಂಥ, ಚಿತ್ರಸಹಿತ ಕನ್ನಡ ಪುಸ್ತಕ ಸರ್ಕಾರವೇ ಬರೆಸಲಿ. ಪ್ರಾಧ್ಯಾಪಕರೊಬ್ಬರಿಂದಲೇ ಬರೆಸುವುದು ಬೇಡ, ಇಪ್ಪತ್ತು ವರ್ಷ ಕಬ್ಬಿಣದ ಮೇಜಿನ ಮುಂದೆ ಕೂತು ಬೋರ್ಡ್ ರಿಪೇರಿ ಮಾಡಿದವರನ್ನು ಜೊತೆಗೆ ಕೂರಿಸಿ ಬರೆಸಲಿ.

ಇನ್ನು ಟೌನ್ ಹಾಲ್ ಹತ್ತಿರದ ಎಸ್.ಪಿ. ರಸ್ತೆಯಿಂದ ಹಿಡಿದು ರಾಜ್ಯದ ಎಲ್ಲ ಊರಿನ ಕಂಪ್ಯೂಟರ್ ಅಂಗಡಿಯವರಿಗೆ ಒಂದು ಮಾತು. ನಿಮ್ಮ ಮನೆಮಾತು ಯಾವುದಾದರೂ ಇರಲಿ, ಅದಕ್ಕೆ ನಮ್ಮ ಗೌರವವಿದೆ. ಪ್ರಾಮಾಣಿಕವಾಗಿ ವ್ಯಾಪಾರ ಮಾಡುವವರು ನಿಮ್ಮಲ್ಲಿ ಎಷ್ಟೋ ಮಂದಿ. ಈ ನೆಲದ ಗ್ರಾಹಕ ಕನ್ನಡದಲ್ಲಿ ಕೇಳಿದಾಗ ಕನ್ನಡದಲ್ಲಿ ಉತ್ತರ ಕೊಡಿ. ಅಷ್ಟೇ ನಾವು ಕೇಳುವುದು.

ಗೆಳೆಯರೇ, ಕೈ ಕೆಸರಾಗಲಿ!

ಸರ್ಕಾರ ಮಾಡಲಿ, ಕಂಪನಿ ಮಾಡಲಿ ಎಂದು ಕೂತರೆ ತಲೆ ನರೆಯುತ್ತದೆ. 1982ರ ಗೋಕಾಕ್ ಚಳವಳಿ ಬೀದಿಗಿಳಿದಿದ್ದರಿಂದ ಶಾಲೆಯಲ್ಲಿ ಕನ್ನಡದ ಸ್ಥಾನದ ಪ್ರಶ್ನೆಯನ್ನು ಸರ್ಕಾರ ಕಿವಿಗೊಟ್ಟು ಕೇಳಬೇಕಾಯಿತು. ಸರೋಜಿನಿ ಮಹಿಷಿ ವರದಿ 1986ರಲ್ಲಿ ಕೈಸೇರಿತು, ಕನ್ನಡಿಗರಿಗೆ ಕೆಲಸ ಕೊಡಿ ಎಂದು ಇಂದಿಗೂ ಕೇಳುತ್ತಲೇ ಇದ್ದೇವೆ. ಕೇಳುವುದನ್ನು ಬಿಡಬಾರದು. ಕೇಳುತ್ತಲೇ ಕೈಯಲ್ಲಿ ಒಂದು ಸ್ಕ್ರೂಡ್ರೈವರ್ ಹಿಡಿಯಬೇಕು. ಬೆಂಗಳೂರನ್ನು ಐಟಿ ರಾಜಧಾನಿ ಎಂದು ಎದೆತಟ್ಟಿಕೊಳ್ಳುವ ನಾವು, ನಮ್ಮ ಮನೆಯ ಕಂಪ್ಯೂಟರಿಗೆ ರ‍್ಯಾಮ್ ಕೂರಿಸಲು ಕಂಡವರ ಮುಖ ನೋಡುವುದು ಯಾವ ಸ್ವಾಭಿಮಾನ?

ಪ್ರತಿ ಬಡಾವಣೆಯ ಕನ್ನಡ ಸಂಘ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಮಾಡಿಸುತ್ತದೆ, ಮಾಡಿಸಲಿ. ಅದರ ಮರುದಿನ ಅದೇ ಪೆಂಡಾಲಿನ ಕೆಳಗೆ ನಾಲ್ಕು ಹಳೆಯ ಕಂಪ್ಯೂಟರ್ ಇಟ್ಟು, ಬಿಚ್ಚಿ, ಜೋಡಿಸಿ ತೋರಿಸುವ ಒಂದು ದಿನದ ಶಿಬಿರವನ್ನೂ ಮಾಡಲಿ. ಹುಡುಗಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಸ್ಕ್ರೂಡ್ರೈವರ್ ಅವರ ಕೈಗೂ ಕೊಡಿ. ನೀವು ಸರಿಪಡಿಸಿದ ಪ್ರತಿಯೊಂದು ಯಂತ್ರದ ಕಥೆಯನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆದಿಡಿ: ಯಾವ ಭಾಗ ಹಾಕಿದ್ದರು, ಏನು ಲಕ್ಷಣ ಕಂಡಿತು, ಏನು ಮಾಡಿದಾಗ ಎದ್ದಿತು. ನೂರು ಹುಡುಗರು ನೂರು ಕಥೆ ಬರೆದರೆ ಯಾವ ಕಂಪನಿಯೂ ಕೊಡದ ಕೈಪಿಡಿ ನಮ್ಮ ಕೈಯಲ್ಲಿರುತ್ತದೆ.

ಅಂಗಡಿಗೆ ಹೋದರೆ ಕನ್ನಡದಲ್ಲೇ ಕೇಳಿ. ‘ಬೋರ್ಡ್ ಹೋಗಿದೆ’ ಎಂದರೆ ‘ಹೇಗೆ ಗೊತ್ತಾಯಿತು? ಒಂದೇ ರ‍್ಯಾಮ್ ಹಾಕಿ ನೋಡಿದಿರಾ? ಬೇರೆ ಎಸ್‌ಎಂಪಿಎಸ್ ಕೊಟ್ಟು ನೋಡಿದಿರಾ? ನನ್ನ ಕಣ್ಣೆದುರು ತೋರಿಸಿ’ ಎನ್ನಿ. ಜಗಳ ಬೇಡ, ಪ್ರಶ್ನೆ ಸಾಕು. ಮೋಸ ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ದೂರು ಹೇಳಿ.

ಅರಿವು ಕನ್ನಡದಲ್ಲಿ ಬಂದರೆ ಅನ್ನವೂ ಕನ್ನಡದಲ್ಲಿ ಬರುತ್ತದೆ. ಬಿಚ್ಚುವ ಧೈರ್ಯ, ಜೋಡಿಸುವ ತಾಳ್ಮೆ, ಪ್ರಶ್ನಿಸುವ ನಾಲಗೆ, ಈ ಮೂರೂ ಇರುವ ಕನ್ನಡಿಗನನ್ನು ಯಾರೂ ಮೋಸಗೊಳಿಸಲಾರರು.

ಕನ್ನಡ ಕೇಳಿ! ಕನ್ನಡದಲ್ಲಿ ಕಲಿಯಿರಿ! ಕಲಿತದ್ದನ್ನು ಕನ್ನಡದಲ್ಲಿ ಹಂಚಿರಿ!